ಎರಡೂ ಎಡತೋಳು

ಸಂಜೆ ಆರು. ಗೆಳತಿಯರೇ, ಇವತ್ತು ತಿಕೋಟಾದ ಹೊಲಿಗೆ ತರಗತಿಯಲ್ಲಿ ಕುಪ್ಪಸದ ತೋಳು ಕತ್ತರಿಸುವ ಪಾಠವಿತ್ತು.

“ತಿಳೀತೇನ್ರಿ?” ಎಂದರು ಟೀಚರ್. “ತಿಳೀತ್ರಿ” ಎಂದರು ಎಲ್ಲರೂ.

ನನಗೆ ತಿಳಿದಿರಲಿಲ್ಲ. ಕೈಯಲ್ಲಿದ್ದದ್ದು ತೀರಿಹೋದ ನಮ್ಮ ಮನೆಯವರ ಧೋತರ. ಕೆಡಿಸಲು ಮನಸ್ಸಾಗದೆ ಎದ್ದು, ಇನ್ನೊಮ್ಮೆ ಹೇಳಿಕೊಡಿ ಎಂದು ಕೇಳಿದೆ.

“ಎಲ್ಲಾರಿಗೂ ತಿಳದೈತಿ, ನಿಮಗೊಬ್ಬರಿಗೇನ್ರಿ ತ್ರಾಸ?” ಎಂದರು ಟೀಚರ್. ಎಲ್ಲರೂ ನಕ್ಕರು, ಪಕ್ಕದ ಶಬಾನಾ ಕೂಡ. ನಾನು ಕತ್ತರಿ ಕೆಳಗಿಟ್ಟೆ.

ಕೊನೆಗೆ ನೋಡಿದರೆ ಉಳಿದವರೆಲ್ಲರದ್ದೂ ಎರಡೆರಡು ಎಡತೋಳು!

“ಗೊತ್ತಾಗಲಿಲ್ಲಂದ್ರ ಹೇಳಾಕ ಏನಾಗಿತ್ತವಾ?” ಎಂದು ಶಬಾನಾಳನ್ನು ಗದರಿದೆ.

“ಕೇಳಿದ್ದಕ್ಕ ನಿಮಗಾದದ್ದು ನೋಡಿದ್ನಲ್ರಿ ಅಕ್ಕಾ” ಎಂದಳು. ಆಮೇಲೆ ತಾನೇ ಎದ್ದು, “ಟೀಚರ್, ನಮಗ್ಯಾರಿಗೂ ತಿಳದಿಲ್ರಿ, ಇನ್ನೊಮ್ಮೆ ಹೇಳ್ರಿ” ಎಂದಳು. ಈ ಸಲ ಯಾರೂ ನಗಲಿಲ್ಲ.

ಕಲಿಯಲು ಬಂದವರು ಎಲ್ಲ ತಿಳಿದವರಂತೆ ನಟಿಸಿ ಯಾರನ್ನು ಮೆಚ್ಚಿಸಬೇಕೋ!

ನಾಳೆ ಹನ್ನೊಂದಕ್ಕೆ ಮತ್ತೆ ತೋಳಿನದೇ ಪಾಠ. ಎಲ್ಲರೂ ಬೇರೆ ಬಟ್ಟೆ ತರಬೇಕು. ನನ್ನ ಹತ್ತಿರ ಧೋತರ ಹಾಗೇ ಇದೆ.