ನಾನು ಮಾಡಿಸಿದ ಆಣೆ

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಹುನಗುಂದದ ಒಂದು ಶಾಲೆಯ ಕೋಣೆಯ ಬೀಗ ತೆಗೆಯುವುದು ನನ್ನ ಕೆಲಸ. ಕಸ ಗುಡಿಸುತ್ತೇನೆ, ಕುರ್ಚಿ ಹಾಕುತ್ತೇನೆ, ತಂಬಿಗೆಯಲ್ಲಿ ನೀರಿಡುತ್ತೇನೆ. ಇದು ಕುಡಿತ ಬಿಟ್ಟವರು ಸೇರುವ ಸಭೆ. ಮೊದಲು ಒಂಬತ್ತು ಜನ ಇದ್ದೆವು. ಒಬ್ಬರು ಬಾದಾಮಿಗೆ ವರ್ಗವಾಗಿ ಹೋದರು. ಇಳಕಲ್ಲಿನ ನೇಕಾರರೊಬ್ಬರು ತೀರಿಕೊಂಡರು. ಉಳಿದವರು ಯಾಕೆ ಬರುವುದಿಲ್ಲ ಎಂದು ನಾನು ಯಾರನ್ನೂ ಕೇಳಲಿಲ್ಲ. ಸಂತೆಯಲ್ಲಿ ನನ್ನನ್ನು ಕಂಡು ಅವರು ಓಣಿ ಬದಲಿಸುತ್ತಿದ್ದರು, ಅಷ್ಟರಲ್ಲೇ ತಿಳಿಯುತ್ತಿತ್ತು. ಕೊನೆಗೆ ಇಬ್ಬರು ಉಳಿದೆವು. ನಾನು, ಮತ್ತು ಗುಡೂರಿನ ಆಚೆಯ ಹಳ್ಳಿಯಲ್ಲಿ ಕುರಿ ಸಾಕುವ ಒಬ್ಬ. ಇಬ್ಬರಿದ್ದರೂ ಅದು ಸಭೆಯೇ. ಒಬ್ಬನೇ ಆದರೆ ಮುದುಕನೊಬ್ಬ ಖಾಲಿ ಕೋಣೆಯಲ್ಲಿ ಕೂತಿದ್ದಾನೆ ಎಂದಷ್ಟೇ.

ನಾನು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಮೂವತ್ತು ವರ್ಷ ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆದೆ. ಕುಡಿತಕ್ಕೂ ಒಂದು ಹೊತ್ತಿತ್ತು. ಡ್ಯೂಟಿ ಮುಗಿಸಿ, ಸ್ನಾನ ಮಾಡಿ, ಏಳೂಕಾಲಕ್ಕೆ ಗೆಳೆಯರೊಡನೆ ಕುಡಿಯಲು ಕೂರುತ್ತಿದ್ದೆ, ಎಂಟೂವರೆಗೆ ಊಟ. ಒಂದು ದಿನವೂ ಡ್ಯೂಟಿ ತಪ್ಪಿಸಲಿಲ್ಲ. ಹಾಗಾಗಿ ಯಾರೂ ನನ್ನನ್ನು ಕುಡುಕ ಅನ್ನಲಿಲ್ಲ, ನಾನೂ ಅಂದುಕೊಳ್ಳಲಿಲ್ಲ. ನಿವೃತ್ತಿಯಾದ ಮೇಲೆ ಹೊತ್ತು ಹಿಂದಕ್ಕೆ ಸರಿಯತೊಡಗಿತು. ಏಳೂಕಾಲು ಇದ್ದದ್ದು ಐದಾಯಿತು, ಮಧ್ಯಾಹ್ನ ಎರಡಾಯಿತು. ಒಂದು ದಿನ ಬೆಳಗಿನ ಚಹದ ಲೋಟ ಎತ್ತಲು ಎರಡೂ ಕೈ ಬೇಕಾದವು. ಮಗಳು ಬಂದು ಬಾಗಲಕೋಟೆಯ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದಳು. ಒಂದು ತಿಂಗಳು ಅಲ್ಲಿದ್ದೆ. ಅಲ್ಲಿ ಎಲ್ಲದಕ್ಕೂ ಗಂಟೆ ಬಾರಿಸುತ್ತಿದ್ದರು, ನನಗೆ ಕಷ್ಟವಾಗಲಿಲ್ಲ.

ಕಷ್ಟವಾದದ್ದು ಮನೆಗೆ ಬಂದ ಮೇಲೆ. ಸಂಜೆ ಏಳಕ್ಕೆ ಹೆಂಡತಿ, ಪಕ್ಕದ ಮನೆಯ ಇಬ್ಬರು ಹೆಣ್ಣುಮಕ್ಕಳು ಸೇರಿ ಟಿವಿ ನೋಡುವುದು ರೂಢಿ. ನಾನು ಹೋಗಿ ಕೂತರೆ ಅವರು ಸೆರಗು ಸರಿಮಾಡಿಕೊಂಡು, "ಬರ್ತೇವಿರಿ" ಎಂದು ಎದ್ದುಬಿಡುತ್ತಿದ್ದರು. ನಾನಿಲ್ಲದ ಸಂಜೆಗಳನ್ನು ಹೆಂಡತಿ ಹೊಂದಿಸಿಕೊಂಡು ಎಷ್ಟೋ ವರ್ಷವಾಗಿತ್ತು. ನಾಲ್ಕು ದಿನ ನೋಡಿ, ಸಂಜೆ ನಡೆದಾಡಲು ಹೋಗುವುದೆಂದು ಗೊತ್ತುಮಾಡಿಕೊಂಡೆ. ಬಸ್ ನಿಲ್ದಾಣದವರೆಗೆ ಹೋಗುವುದು, ತಿರುಗಿ ಬರುವುದು. ಹಳೆಯ ಗೆಳೆಯರು ಸಿಕ್ಕರೆ ಆರೋಗ್ಯ ಕೇಳುತ್ತಿದ್ದರು. ಬಾ ಎಂದು ಕರೆಯುತ್ತಿರಲಿಲ್ಲ.

ಕುರಿಯವನು ಸಭೆಗೆ ಬಂದದ್ದು ನಾನು ಕುಡಿತ ಬಿಟ್ಟ ನಾಲ್ಕನೆಯ ತಿಂಗಳಲ್ಲಿ. ಐವತ್ತರ ಆಸುಪಾಸಿನವನು. ಹೆಗಲ ಮೇಲೆ ಕಂಬಳಿ, ಮೈಗೆ ಕುರಿಯ ವಾಸನೆ. ಅವನು ಕೂತ ಕಡೆ ಪಕ್ಕದ ಕುರ್ಚಿ ಖಾಲಿ ಉಳಿಯುತ್ತಿತ್ತು. "ಕುರಿಗೋಳು ನನ್ನ ವಾಸನಿಗೆ ಬೇಜಾರ ಮಾಡ್ಕೊಳ್ಳಂಗಿಲ್ರಿ, ಮನಷ್ಯಾರ ಅಷ್ಟ ಮಾಡ್ಕೋತಾರ" ಎಂದು ಅವನೇ ನಗಿಸಿದ. ನಮ್ಮ ಸಭೆಯಲ್ಲಿ ಒಬ್ಬೊಬ್ಬರೂ ಎದ್ದು, ಬಿಟ್ಟು ಎಷ್ಟು ದಿನವಾಯಿತೆಂದು ಹೇಳಬೇಕು. ಅವನಿಗೆ ಲೆಕ್ಕ ಬಾರದು. "ಎರಡ ಅಮಾಸಿ ಆತ್ರಿ" ಅನ್ನುತ್ತಿದ್ದ. ನಾನು ದಿನವನ್ನೇ ಹೇಳುತ್ತಿದ್ದೆ. ನೂರಾ ಹತ್ತು, ನೂರಾ ಹದಿನೇಳು. ಅವನು ತಲೆದೂಗುತ್ತಿದ್ದ.

ಅವನು ಬಿಟ್ಟು ಮೂರು ತಿಂಗಳಾದಾಗ ನಾನು ಒಂದು ಮಾತು ಹೇಳಿದೆ. ಅವನ ಮನೆದೇವರು ಬೀರಪ್ಪ. ಆ ದೇವರ ಭಂಡಾರ ಎಂದರೆ ಅರಿಶಿಣದ ಪುಡಿ. ಅದನ್ನು ಮುಟ್ಟಿ ಮಾಡಿದ ಆಣೆಯನ್ನು ಅವರಲ್ಲಿ ಯಾರೂ ಮುರಿಯುವುದಿಲ್ಲ.

"ಭಂಡಾರ ಮುಟ್ಟಿ ಆಣಿ ಮಾಡಿಬಿಡು ತಮ್ಮಾ," ಎಂದೆ. "ಒಮ್ಮೆ ಮಾಡಿದ್ರ ಮುಗೀತು. ದಿನಾ ದಿನಾ ವಿಚಾರ ಮಾಡೂದು ತಪ್ಪತೈತಿ."

"ಜನ್ಮಕ್ಕೇನ್ರಿ?" ಎಂದು ಕೇಳಿದ.

"ಜನ್ಮಕ್ಕ."

ಇವತ್ತೊಂದು ದಿನ ಸಾಕು, ನಾಳೆಯದು ನಾಳೆ ಎಂದು ಬಾಗಲಕೋಟೆಯಲ್ಲಿ ತಿಂಗಳಿಡೀ ಹೇಳಿಕೊಟ್ಟಿದ್ದರು. ನನಗೆ ಅದು ಸಡಿಲ ಕೆಲಸವಾಗಿ ಕಂಡಿತ್ತು. ಕುರಿಯವನು ಮುಂದಿನ ಸೋಮವಾರ ಊರವರೆದುರು ಗುಡಿಯಲ್ಲಿ ಆಣೆ ಮಾಡಿದ. ಆ ಭಾನುವಾರ ಹಣೆ ತುಂಬ ಭಂಡಾರ ಹಚ್ಚಿಕೊಂಡು ಬಂದಿದ್ದ. ನನಗೆ ಹೆಮ್ಮೆ ಅನ್ನಿಸಿತು.

ನಾಲ್ಕು ತಿಂಗಳು ನಡೆಯಿತು. ಆಮೇಲೆ ಅವನು ಬರುವುದು ನಿಂತಿತು.

ಮೊದಲ ಭಾನುವಾರ ಬಸ್ಸು ತಪ್ಪಿರಬೇಕು ಅಂದುಕೊಂಡೆ. ಎರಡನೆಯದಕ್ಕೂ ಇಲ್ಲ. ಫೋನು ಹಚ್ಚಿದರೆ ಬಂದ್ ಇತ್ತು. ಮೂರನೆಯ ಭಾನುವಾರವೂ ಐದರವರೆಗೆ ಕೂತೆ. ಸಭೆಯ ಹೊತ್ತು ಮುಗಿಯದೆ ಬೀಗ ಹಾಕುವ ಅಭ್ಯಾಸ ನನಗಿಲ್ಲ. ನಾಲ್ಕೂವರೆಗೆ ನಿಯಮದಂತೆ ಎದ್ದು ನಿಂತು ನನ್ನ ದಿನ ಹೇಳಿದೆ. "ಮುನ್ನೂರ ನಲವತ್ತೊಂದು." ಕೇಳುವವರಿಲ್ಲದ ಕೋಣೆಯಲ್ಲಿ ಆ ಮಾತು ಕಿವಿಗೆ ಬಿದ್ದಾಗ ಕೂತುಬಿಟ್ಟೆ. ಅದು ಸುಳ್ಳು ಲೆಕ್ಕ. ಐದನೆಯ ತಿಂಗಳಲ್ಲಿ, ಹೆಂಡತಿ ತವರಿಗೆ ಹೋದಾಗ, ಮೂರು ದಿನ ಕುಡಿದಿದ್ದೆ. ಸಭೆಯಲ್ಲಿ ಹೇಳಲಿಲ್ಲ. ಎಣಿಕೆ ಹಾಗೇ ಮುಂದುವರಿಸಿದೆ.

ಮರುದಿನ ಬೆಳಿಗ್ಗೆ ಇಳಕಲ್ಲಿನಲ್ಲಿ ಬಸ್ಸು ಬದಲಿಸಿ ಗುಡೂರಿಗೆ ಹೋದೆ. ಅಲ್ಲಿಂದ ಅವನ ಊರಿಗೆ ಟಂಟಂ ಆಟೋ. ಅವನ ಹೆಂಡತಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಯಾರೆಂದು ಹೇಳಿದೊಡನೆ ಮೊರ ಕೆಳಗಿಟ್ಟಳು.

"ಆಣಿ ಮಾಡ್ಸಿದ ಸಾಹೇಬ್ರು ನೀವ ಏನ್ರಿ? ಬರ್ರಿ. ಈಗರ ನೆನಪಾತಲ್ಲ."

"ಎಲ್ಲಿ ಅದಾನವ್ವಾ?"

"ಹೊಲದಾಗ, ಹೊಟ್ಟಿನ ಕ್ವಾಣ್ಯಾಗ. ಬಾದಾಮಿ ಕಡೆ ಬೀಗರ ಮದಿವ್ಯಾಗ ಕುಡದ ಬಂದ. ಅವತ್ತಿನಿಂದ ಮನಿ ಹೊಸ್ತಲಾ ತುಳದಿಲ್ಲ. ಬುತ್ತಿ ದೂರ ಇಟ್ಟ ಬರ್ಬೇಕು. ಮೊದ್ಲ ಕುಡದ ಬಂದು ಬೈತಿದ್ದ. ಈಗ ಅದೂ ಇಲ್ಲ. ಬೈದ್ರರ ಬೈಲಿ ಅನಸ್ತೈತ್ರಿ ನನಗ."

ಹೊಲ ಹತ್ತು ನಿಮಿಷದ ದಾರಿ. ಮೇವಿನ ಹೊಟ್ಟು ತುಂಬುವ ತಗಡಿನ ಕೋಣೆಯ ಬಾಗಿಲಲ್ಲಿ ಅವನು ಕೂತಿದ್ದ. ಕುರಿ ದೂರದ ಹೊಲದಲ್ಲಿದ್ದವು, ಅವನ ಅಣ್ಣ ಕಾಯುತ್ತಿದ್ದ. ನನ್ನನ್ನು ಕಂಡು ಮುಖ ತಿರುಗಿಸಿದ.

"ಹತ್ರ ಬರಬ್ಯಾಡ್ರಿ ಸಾಹೇಬ್ರ."

"ಯಾಕ, ಕಚ್ಚತೀಯೇನ?"

ನಗಲಿಲ್ಲ. ನಾನು ಎದುರಿಗೆ ಒಂದು ಕಲ್ಲಿನ ಮೇಲೆ ಕೂತೆ. ಅವನೇ ಮಾತು ತೆಗೆದ.

"ಎರಡ ಮರಿ ಸತ್ತೂರಿ. ರೋಗಿಲ್ಲ, ರುಜಿನಿಲ್ಲ."

"ಮರಿ ಸಾಯೂದ ಹೊಸಾದೇನ ನಿಮಗ?"

"ಮಂದಿ ಮರಿ ಸತ್ರ ಸತ್ತೂ. ನನ್ನೂ ಹಂಗಲ್ಲ. ನಾ ಭಂಡಾರ ಮುರದಾಂವ. ಅದಕ್ಕ ಕುರಿ ಮುಟ್ಟಂಗಿಲ್ಲ, ಮಕ್ಕಳ್ನ ಹತ್ರ ಬಿಟ್ಕೊಳ್ಳಂಗಿಲ್ಲ."

"ಪೂಜಾರಿ ಏನಂತಾರ?"

"ಗುಡಿಗೆ ಬಾ, ತಪ್ಪ ಒಪ್ಕೊ, ಮತ್ತೊಮ್ಮೆ ಹಚ್ಚತೇನಿ ಅಂತಾರ. ಮತ್ತೊಮ್ಮೆ ಹಚ್ಚಿಸ್ಕೊಂಡು ಮತ್ತೊಮ್ಮೆ ಮುರದ್ರ?"

"ಹಂಗಂತ ಕುಡ್ಕೋತ ಕುಂತೀಯೇನ?"

"ಒಡದ ಗಡಿಗಿ ಕಾಯೂದೇನ ಐತ್ರಿ." ಅವನ ಪಾದ ಬಾತಿದ್ದವು. ಕಣ್ಣಿನ ಬಿಳಿ ಹಳದಿಯಾಗಿತ್ತು. ಹೀಗೇ ಬಿಟ್ಟರೆ ಮಳೆಗಾಲ ಕಳೆಯುವುದಿಲ್ಲ ಎಂದು ನನಗೆ ಗೊತ್ತಾಯಿತು. ಬಾಗಲಕೋಟೆಯಲ್ಲಿ ಅಂಥ ಕಣ್ಣಿನವರನ್ನು ನೋಡಿದ್ದೆ.

"ನಿಮಗ ತಿಳ್ಯಂಗಿಲ್ರಿ," ಎಂದ. "ನೀವು ಒಂದಿನಾನೂ ತಪ್ಪಿದವರಲ್ಲ."

"ತಪ್ಪೇನಿ," ಎಂದೆ. "ಐದನೇ ತಿಂಗಳದಾಗ. ಮೂರ ದಿನ. ಯಾರಿಗೂ ಹೇಳ್ಲಿಲ್ಲ."

ಅವನು ಮೊದಲ ಸಲ ನನ್ನ ಕಡೆ ಸರಿಯಾಗಿ ತಿರುಗಿದ.

"ನಾ ಆಣಿ ಮಾಡೂಕಿಂತ ಮೊದ್ಲ?"

"ಮೊದ್ಲ."

"ಅಂದ್ರ ನೀವ ತಪ್ಪಿದ್ದು ನಿಮಗ ಗೊತ್ತಿತ್ತು. ಆದ್ರೂ ನನಗ ಜನ್ಮಕ್ಕ ಆಣಿ ಮಾಡು ಅಂದ್ರಿ."

"ಹೂಂ."

ಒಂದು ಹುಲ್ಲುಕಡ್ಡಿ ಮುರಿದು, ಮತ್ತೆ ಮುರಿದು, ಕೆಳಗೆ ಹಾಕಿದ. "ಭಾಳ ಕೆಟ್ಟ ಮನಷ್ಯಾರ ಅದೀರಿ ನೀವು," ಎಂದ. ಸಿಟ್ಟಿನ ದನಿಯಲ್ಲ.

"ಖರೆ," ಎಂದೆ.

"ಮೂರ ದಿನ ಕುಡದ ಮ್ಯಾಲ ಮತ್ತ ಹೆಂಗ ಬಿಟ್ರಿ?"

ಇದನ್ನು ನನಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಸ್ವಲ್ಪ ನೆನಪಿಸಿಕೊಳ್ಳಬೇಕಾಯಿತು. "ನಾಕನೇ ದಿನ ಭಾನುವಾರ ಇತ್ತು. ಕೀಲಿ ನನ್ನ ಹತ್ರ. ಹೋಗಬಾರ್ದು ಅಂತ ಮಾಡಿದ್ದೆ. ಆದ್ರ ಬಾಗಲಾ ತೆಗೀಲಿಲ್ಲಂದ್ರ ನೀ ಮಳ್ಯಾಗ ನಿಂದರ್ತಿ ಅಂತ ಹೋದೆ. ಅವತ್ತ ಕುಡೀಲಿಲ್ಲ. ಮರದಿವ್ಸ ಮರದಿವ್ಸದ್ದು ನೋಡ್ಕೊಂಡೆ."

ನಾನು ಬಾ ಎಂದು ಒತ್ತಾಯ ಮಾಡಲಿಲ್ಲ. ಒಮ್ಮೆಲೆ ಬಿಟ್ಟರೆ ಜೀವಕ್ಕೆ ಅಪಾಯ, ದವಾಖಾನೆಗೆ ಹೋಗಿ ಬಿಡು ಎಂದಷ್ಟೇ ಹೇಳಿ, ಅವನ ಹೆಂಡತಿಗೂ ಅದನ್ನೇ ಹೇಳಿ ಹೊರಟೆ. ಅವಳು ಚಹ ಕೊಟ್ಟಳು. ಜೊತೆಗೆ, "ಇನ್ನ ಮ್ಯಾಲ ಯಾರಿಗೂ ಆಣಿ ಮಾಡಸಬ್ಯಾಡ್ರಿ" ಎಂದಳು.

ಅಂದು ಸಂಜೆ ನನ್ನ ಹೆಂಡತಿಗೂ ಆ ಮೂರು ದಿನದ ಮಾತು ಹೇಳಿದೆ. ಅವಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ತವರಿಂದ ಬಂದ ದಿನಾನ ಗೊತ್ತಾಗಿತ್ತು. ನೀವಾಗೇ ಹೇಳ್ತೀರೇನೋ ಅಂತ ಸುಮ್ನಿದ್ದೆ" ಎಂದಳು. ಮತ್ತೆ ಬೆಳ್ಳುಳ್ಳಿಗೆ ಬಗ್ಗಿದಳು. ಆರೇಳು ತಿಂಗಳು ಅವಳು ಕಾದಿದ್ದಳು; ನಾನು ದಿನಾ ಅವಳೆದುರಿಗೆ ಕೂತು ಉಂಡು ಎದ್ದಿದ್ದೆ.

ಮುಂದಿನ ಭಾನುವಾರ ಕುರಿಯವನು ಬರಲಿಲ್ಲ. ಅದರ ಮುಂದಿನ ಭಾನುವಾರ ಬಂದ, ಹೆಂಡತಿಯ ಜೊತೆ. ಎಂಟು ದಿನ ಬಾಗಲಕೋಟೆಯ ದವಾಖಾನೆಯಲ್ಲಿದ್ದನಂತೆ. ಅವಳು ಹೊರಗೆ ಕಟ್ಟೆಯ ಮೇಲೆ ಕೂತಳು. ನಾನು ಎದ್ದು, ಹಳೆಯ ಎಣಿಕೆ ಸುಳ್ಳೆಂದು ಹೇಳಿ, ಸರಿಯಾದದ್ದನ್ನು ಹೇಳಿದೆ. ಅವನ ಸರದಿ ಬಂದಾಗ, "ಇವತ್ತ ಕುಡಿದಿಲ್ರಿ" ಎಂದ. ಅಮಾವಾಸ್ಯೆಯ ಮಾತು ಎತ್ತಲಿಲ್ಲ.

ಈಗ ಮತ್ತೆ ವಾರವಾರ ಬರುತ್ತಾನೆ. ಮನೆಯೊಳಗೆ ಮಲಗುತ್ತಾನೆ, ಮಕ್ಕಳೊಡನೆ ಉಣ್ಣುತ್ತಾನೆ. ಆದರೆ ಗುಡಿಗೆ ಹೋಗುವುದಿಲ್ಲ. ಹೋದ ತಿಂಗಳು ಅವನ ಊರಿಗೆ ಹೋದಾಗ ಜೊತೆಯಾಗಿ ಹೊಲಕ್ಕೆ ನಡೆದೆವು. ಗುಡಿ ಕಾಣಿಸಿದೊಡನೆ ಅವನು ಚಪ್ಪಲಿ ಕೈಯಲ್ಲಿ ಹಿಡಿದು, ದಾರಿ ಬಿಟ್ಟು, ಬದುವಿನ ಮೇಲೆ ಇಳಿದ. ಪೂಜಾರಿ ಕಟ್ಟೆಯ ಮೇಲಿಂದ, "ಬಾರೋ ಇತ್ಲಾಗ" ಎಂದು ಕರೆದರು. ಇವನು ಕೇಳದವನಂತೆ ಮುಳ್ಳುಕಂಟಿಯ ನಡುವೆ ಸುತ್ತು ಹಾಕಿ ನಡೆದ. ನಾನು ಪೂಜಾರಿಗೆ ಕೈ ಮುಗಿದು ಅವನ ಹಿಂದೆ ಇಳಿದೆ.