ವರದಿಯಲ್ಲಿ ಇಲ್ಲದ ಎತ್ತು

ಚಳ್ಳಕೆರೆಯ ಸಭೆಯಲ್ಲಿ ನಾಯಕರು ಮೈಕು ಹಿಡಿದು, "ನನ್ನ ಹತ್ತಿರ ಗುಪ್ತಚರ ವರದಿ ಇದೆ. ಹುಲ್ಲುಗಾವಲಿನ ಬೇಲಿ ಪಕ್ಕ ಆಂಧ್ರದ ಕಡೆಯವರು ಬಂದು ಬಿಳಿ ಬಟ್ಟೆಯಲ್ಲಿ ಏನನ್ನೋ ಸುತ್ತಿ ಹೂತಿದ್ದಾರೆ" ಎಂದಾಗ ನಾನು ಕೂತಲ್ಲೇ ನೆಟ್ಟಗಾದೆ. ಆ ಬಟ್ಟೆಯನ್ನು ತಳಕಿನ ನನ್ನ ಅಂಗಡಿಯಲ್ಲಿ ನಾನೇ ಹರಿದು ಕೊಟ್ಟಿದ್ದೆ.

ಕೊಂಡವನು ಕಿಲಾರಿ, ದೇವರ ಎತ್ತುಗಳನ್ನು ಕಾಯುವವನು. ಆ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಅವುಗಳನ್ನು ಮಾರುವುದೂ ಇಲ್ಲ. ಸತ್ತರೆ ಮನೆಯ ಹಿರಿಯರಿಗೆ ಮಾಡಿದಂತೆ ಹೊಸ ಬಟ್ಟೆ ಹೊದಿಸಿ ಮಣ್ಣು ಮಾಡುತ್ತಾರೆ. ಮಣ್ಣಿಗೆ ಗಡಿಯಾಚೆಯ ನೆಂಟರೂ ಬರುತ್ತಾರೆ. ಒಮ್ಮೆ ಮುಚ್ಚಿದ ಮಣ್ಣನ್ನು ಮತ್ತೆ ಕೆದಕುವಂತಿಲ್ಲ. ವರದಿಯಲ್ಲಿ ಸುಳ್ಳೇನೂ ಇರಲಿಲ್ಲ ನೋಡಿ, ಎತ್ತು ಎಂಬ ಒಂದು ಮಾತು ಇರಲಿಲ್ಲ, ಅಷ್ಟೇ. ಬರೆದವರು ಬಿಟ್ಟರೋ, ಓದಿದವರು ನುಂಗಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಎಲೆಕ್ಷನ್ ಬಂತಲ್ಲ, ವರದೀನೂ ಬಂತು ಬಿಡ್ರಿ" ಎಂದು ಪಕ್ಕದಲ್ಲಿ ಕೂತಿದ್ದವರು ನಕ್ಕರು. ಯಾರೂ ನಂಬಿಲ್ಲವಲ್ಲ ಎಂದು ನಾನೂ ಹಗುರಾದೆ. ಆದರೆ ಮಾರನೇ ದಿನ ಕಿಲಾರಿ ತಳಕಿನ ಟೀ ಅಂಗಡಿಗೆ ಬಂದರೆ ಮಾತು ಗಕ್ಕನೆ ನಿಂತಿತು. ನಾಯಕರನ್ನು ನಂಬದ ಜನ ಅವನನ್ನೂ ನಂಬಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಪೊಲೀಸರು ಬಂದು ಕಿಲಾರಿಯನ್ನೂ ನನ್ನನ್ನೂ ಎತ್ತು ಹೂತ ಜಾಗಕ್ಕೆ ಕರೆದುಕೊಂಡು ಹೋದರು. ಸಾಹೇಬರು ಒರಟರೇನಲ್ಲ. "ಅಗೆದು ತೋರಿಸಿಬಿಡಪ್ಪ, ಇಲ್ಲಿಗೇ ಮುಗಿಯುತ್ತೆ. ಇಲ್ಲಾಂದ್ರೆ ನಿನ್ನ ನೆಂಟರನ್ನೂ ಕರೆಸಬೇಕಾಗುತ್ತೆ" ಎಂದರು.

"ಬಟ್ಟೆ ಕೊಟ್ಟೋನು ನಾನೇ ಸಾರ್. ಎತ್ತಿಗೆ ಅಂತ ಹೇಳೇ ತಗಂಡೋದ. ನನ್ನ ಮಾತು ಸಾಲಲ್ವಾ?" ಎಂದೆ.

"ನಾನು ನಂಬ್ತೀನಿ ರೀ. ಮೇಲಕ್ಕೆ ಏನಂತ ಬರೀಲಿ?"

ಕಿಲಾರಿ, "ಅಗೀರಿ. ನಾನು ಮುಟ್ಟಾದಿಲ್ಲ. ನೆಂಟ್ರನ್ನ ಮಾತ್ರ ಕರೀಬ್ಯಾಡ್ರಿ" ಎಂದು ಹೇಳಿ ಗುಂಡಿಗೆ ಬೆನ್ನು ಹಾಕಿದ. ಸನಿಕೆಯ ಒಂದೊಂದು ಏಟಿಗೂ ಅವನ ಹೆಗಲು ಅದುರುತ್ತಿತ್ತು. ವಾಸನೆ ಮುಖಕ್ಕೆ ಹೊಡೆಯಿತು. ಕೊನೆಗೆ ಬಟ್ಟೆ ಹರಿದುಕೊಂಡು ಕೊಂಬು ಕಾಣಿಸಿತು. ಸಾಹೇಬರು ಟೋಪಿ ತೆಗೆದು, "ಮುಚ್ರಿ, ಬೇಗ ಮುಚ್ರಿ" ಎಂದರು. ನನಗೆ ಅಳು ಬಂತು, ಸಿಟ್ಟಿಗೆ ಬರುವ ಅಳು.

ಮುಂದಿನ ವಾರ ಮೊಳಕಾಲ್ಮುರಿನಲ್ಲಿ ಅದೇ ನಾಯಕರು, "ವರದಿಯಿಂದ ಎಚ್ಚೆತ್ತುಕೊಂಡೆವು, ಅನಾಹುತ ತಪ್ಪಿತು" ಎಂದರು. ಚಪ್ಪಾಳೆಯೂ ಬಿತ್ತಂತೆ. ಎತ್ತಿನ ಸುದ್ದಿಯನ್ನು ಅವರು ಎತ್ತಲೇ ಇಲ್ಲ.

ಬೇಸಿಗೆಯಲ್ಲಿ ಕಿಲಾರಿ ಮತ್ತೆ ಅಂಗಡಿಗೆ ಬಂದ. ಮೆಟ್ಟಿಲ ಕೆಳಗೇ ನಿಂತು, "ಇನ್ನೊಂದು ಎತ್ತು ಮಲಗೈತೆ ಸಾವ್ಕಾರ್ರೆ. ಏಳಂಗೆ ಕಾಣಲ್ಲ" ಎಂದ. ನಾನು ಬಿಳಿ ಬಟ್ಟೆಯ ಥಾನಿಗೆ ಕೈ ಹಾಕಿದೆ.

"ಬಟ್ಟೆ ಆಮೇಲೆ ಕೊಡ್ರಿ. ಮೊದ್ಲು ಸ್ಟೇಷನ್ನಿಗೆ ಫೋನ್ ಮಾಡ್ರಿ. ಜೀವ ಇರೋವಾಗ್ಲೇ ಬಂದು ನೋಡ್ಕಂಡು ಹೋಗ್ಲಿ."