ಊಹೆಗೆ ಎಳೆದ ಕೆಂಪು ಗೆರೆ

ಕಂಪ್ಯೂಟರಿನಲ್ಲಿ ನಾನು ಬರೆದ ಸಾಲಿನ ಅಡಿಗೆ ಒಂದು ಕೆಂಪು ಗೆರೆ ಮೂಡಿದರೆ ಸಾಕು, ನನ್ನ ಮನಶ್ಶಾಂತಿ ಅಲ್ಲಿಗೆ ಮುಗಿಯಿತು. ಗೆರೆ ತಾನೇ, ಬಿಡಿ ಸ್ವಾಮಿ, ಎಂದು ನೀವು ನಗಬಹುದು. ಆದರೆ ಅದನ್ನು ಎಳೆಯುವುದು ಲಿಂಟರ್ ಎಂಬ ತಂತ್ರಾಂಶ. ನಾವು ಬರೆದ ಕೋಡನ್ನು ಓದಿ, ಶೈಲಿಯಲ್ಲಿ ಗೋಜಲು ಕಂಡಲ್ಲೆಲ್ಲ ದಾಕ್ಷಿಣ್ಯವಿಲ್ಲದೆ ಗುರುತು ಹಾಕುವುದೇ ಅದರ ನಿತ್ಯಕರ್ಮ. ಅದು ಮನುಷ್ಯನಾಗಿದ್ದರೆ ಹಲ್ಲುಗಿಂಜಿಯಾದರೂ ತಪ್ಪಿಸಿಕೊಳ್ಳುತ್ತಿದ್ದೆ.

ನನ್ನ ವಾಸ ಕೆ.ಜಿ.ಎಫ್.ನಲ್ಲಿ, ಉದ್ಯೋಗ ಬಂಗಾರಪೇಟೆಯ ಸಣ್ಣ ಆಸ್ಪತ್ರೆಯೊಂದರಲ್ಲಿ. ಅಲ್ಲಿನ ವೆಬ್ ಆ್ಯಪ್ ನನ್ನ ಸುಪರ್ದಿನದು. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅದು ರೋಗಿಗೆ ತಾನೇ ಫೋನು ಮಾಡಿ, 'ಬೆಳಿಗ್ಗೆ ಏನೂ ತಿನ್ನದೆ, ನೀರೂ ಕುಡಿಯದೆ ಬನ್ನಿ' ಎಂಬ ಧ್ವನಿಮುದ್ರಿತ ಸೂಚನೆ ಕೊಡುತ್ತದೆ. ಯಾವ ಭಾಷೆಯಲ್ಲಿ ಎಂಬುದೇ ಪ್ರಶ್ನೆ. ನಮ್ಮ ಕಡೆಯವರಿಗೆ ಒಂದು ಚಟ ಉಂಟು: ಎದುರಿಗಿರುವವರ ಮುಖ, ಹೆಸರು, ಬೀದಿ ನೋಡಿ ಕನ್ನಡವೋ ತಮಿಳೋ ತೆಲುಗೋ ಎಂದು ಊಹಿಸಿ ಮಾತಿಗಿಳಿಯುವುದು, ಊಹೆ ಕೈಕೊಟ್ಟರೆ ಅರ್ಧ ವಾಕ್ಯದಲ್ಲೇ ಭಾಷೆ ಬದಲಿಸುವುದು. ನಾನೂ ನನ್ನ ಸಹೋದ್ಯೋಗಿ ಸೆಲ್ವಿಯೂ ಸೇರಿ ಆ ಚಟವನ್ನು ಕೋಡಿಗೂ ಅಂಟಿಸಿದ್ದೆವು. ವಿಳಾಸ ತಮಿಳರೇ ಹೆಚ್ಚಿರುವ ಆಂಡರ್ಸನ್‌ಪೇಟೆಯದಾದರೆ ತಮಿಳು. ಆದರೆ ಹೆಸರು 'ವೆಂಕಟ' ಎಂದು ಆರಂಭವಾದರೆ ತೆಲುಗು. ಅದರಲ್ಲೂ 'ಗೌಡ' ಎಂದು ಮುಗಿದರೆ ಕನ್ನಡ. ಪ್ರತಿ ದೂರಿಗೂ ಒಂದು ಹೊಸ 'ಆದರೆ' ಸೇರಿ, ಆ ಕೋಡು ನಮ್ಮ ಬೆಳಗಿನ ರೈಲಿನ ಬೆಂಚಿನಂತೆ 'ಸ್ವಲ್ಪ ಜರುಗಿ' ಎಂದವರಿಗೆಲ್ಲ ಜಾಗ ಕೊಡುತ್ತಲೇ ಇತ್ತು.

ಅದರ ಏಟು ಬಿದ್ದದ್ದು ಮುನಿರತ್ನಮ್ಮನಿಗೆ. ಬಂಗಾರಪೇಟೆಯ ಪಕ್ಕದ ಹಳ್ಳಿಯಿಂದ ನಮ್ಮ ಕ್ಯಾಂಟೀನಿಗೆ ಹಾಲು ತರುವಾಕೆ, ಪಿತ್ತಕೋಶದಲ್ಲಿ ಕಲ್ಲು. ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತರೆ ಜೀವ ಹೋದಂತಾಗುತ್ತದೆ ಎನ್ನುತ್ತಿದ್ದಳು. ಕೊಟ್ಟಿದ್ದದ್ದು ಆಂಡರ್ಸನ್‌ಪೇಟೆಯಲ್ಲಿರುವ ಮಗಳ ವಿಳಾಸ. ಸರಿ, ಸೂಚನೆ ತಮಿಳಿನಲ್ಲಿ ಹೋಯಿತು, ಆಕೆ ಹೊಟ್ಟೆ ತುಂಬ ಉಂಡು ಬಂದಳು, ಡಾಕ್ಟರು ಶಸ್ತ್ರಚಿಕಿತ್ಸೆಗೆ ಬೇರೆ ದಿನ ಕೊಟ್ಟು ವಾಪಸು ಕಳಿಸಿದರು.

"ಯಾವ್ದೋ ಎಣ್ಣು ಅರವದಾಗೆ ಏನೇನೋ ಯೋಳಿದ್ಳು ಕಣಪ್ಪಾ, ನಾನೂ ಊಂ ಊಂ ಅಂದೆ. ಮುದ್ದೆ ಉಣ್‌ಬ್ಯಾಡ ಅಂತ ಕನ್ನಡದಾಗೆ ಯೋಳಿದ್ರೆ ಉಣ್ತಿದ್ನಾ?" ಎಂದು ಹೊಟ್ಟೆ ಹಿಡಿದುಕೊಂಡೇ ಹೊರಟಳು. ನನಗೆ ಸಂಕಟವಾಯಿತು. ಮುಂದಿನ ಸರದಿ ಬರುವಷ್ಟರಲ್ಲಿ ಸರಿಪಡಿಸದಿದ್ದರೆ ಮತ್ತದೇ ಕಥೆ.

ಆ್ಯಪಿಗೆ ಲಿಂಟರನ್ನು ಜೋಡಿಸಿದ್ದು ಆಗಲೇ. ಭಾಷೆ ಆರಿಸುವ ಭಾಗದ ಉದ್ದಕ್ಕೂ ಕೆಂಪು: 'ಅತಿ ಜಟಿಲ, ಸರಳಗೊಳಿಸಿ'. ಸರಳಗೊಳಿಸಿದೆ. ದೊಡ್ಡ ಗಂಟನ್ನು ಚಿಕ್ಕ ಚಿಕ್ಕ ಗಂಟುಗಳಾಗಿ ಕತ್ತರಿಸಿ, ಒಂದೊಂದಕ್ಕೂ ನಾಮಕರಣ ಮಾಡಿದೆ. ಗೆರೆಗಳು ಮಾಯ! ಬೆನ್ನು ತಟ್ಟಿಕೊಂಡು ಪರೀಕ್ಷೆಗೆಂದು ಮುನಿರತ್ನಮ್ಮನ ಹೆಸರು, ವಿಳಾಸ ಹಾಕಿದೆ. ಮತ್ತೆ ತಮಿಳು. ಯಂತ್ರವನ್ನು ಒಪ್ಪಿಸಿದ್ದೆ, ಆಕೆಯನ್ನಲ್ಲ.

ರೈಲಿನಲ್ಲಿ ಕೂತರೆ ಅದೇ ಚಿಂತೆ, ಊಟಕ್ಕೆ ಕೂತರೆ ಅದೇ. 'ಮುನಿ' ಎಂದರೆ ಕನ್ನಡ ಎಂದು ಇನ್ನೊಂದು ಎಳೆ ಸೇರಿಸೋಣವೆಂದರೆ, ಆ ಹೆಸರಿನವರು ಮೂರು ಭಾಷೆಗಳಲ್ಲೂ ಬೀದಿಗೊಬ್ಬರಿದ್ದಾರೆ. ಗೆರೆ ಆಕ್ಷೇಪಿಸಿದ್ದು ನನ್ನ ಬರವಣಿಗೆಯನ್ನು ಮಾತ್ರವಲ್ಲ, ನನ್ನ ಊಹೆಯನ್ನೂ ಇರಬಹುದೇ ಎಂಬ ಅನುಮಾನ ಆಗ ಹುಟ್ಟಿತು. ಮುಖಾಮುಖಿಯಾಗಿ ಊಹಿಸುವವನು ಎದುರಿನವರ ಹುಬ್ಬು ಗಂಟಿಕ್ಕಿದ ಕೂಡಲೇ ತಿದ್ದಿಕೊಳ್ಳುತ್ತಾನೆ. ಫೋನಿಗೆ ಹುಬ್ಬು ಕಾಣುತ್ತದೆಯೇ?

ಸೆಲ್ವಿಗೆ ಹೇಳಿದೆ. "ಐಯೋ, ಅವ್ರನ್ನೇ ಕೇಳ್ಬಿಡೋಣ ಸಾರ್, ಎಂತ ಭಾಷೆ ಬೇಕೂಂತ," ಎಂದಳು. ಹೆಸರು ಬರೆಸುವಾಗಲೇ ಕೇಳಿ, ಅವರು ಹೇಳಿದ್ದನ್ನೇ ನಂಬುವುದು. ಹಾಲು ತಂದಾಗ ಮುನಿರತ್ನಮ್ಮನನ್ನೂ ಕೇಳಿ, 'ಕನ್ನಡ' ಎಂದು ಬರೆದುಕೊಂಡೆವು. ಊಹೆಗಳನ್ನೆಲ್ಲ ಅಳಿಸುತ್ತ ಹೋದಾಗ, ಇಷ್ಟು ಜಾಣತನ ಯಾರಿಗೆ ಬೇಕಿತ್ತು ಎಂದು ನನ್ನ ಮೇಲೇ ನಗು ಬಂತು. ಉಳಿದದ್ದು ಒಂದೇ ಸಾಲು. ಲಿಂಟರ್ ತುಟಿ ಬಿಚ್ಚಲಿಲ್ಲ. ಹಿಂದೊಮ್ಮೆ ಮೋಸ ಹೋಗಿದ್ದ ನಾನು ಆ ಮೌನವನ್ನು ನಂಬಲಿಲ್ಲ.

ಮುನಿರತ್ನಮ್ಮನ ಸರದಿಯ ದಿನ ಮೊದಲ ರೈಲಿಗೇ ಬಂದು, ಆಸ್ಪತ್ರೆಯ ಬಾಗಿಲಲ್ಲಿ ಶತಪಥ ಹಾಕುತ್ತಿದ್ದೆ. ಆಟೋದಿಂದ ಇಳಿದವಳೇ ನನ್ನನ್ನು ಕಂಡು ರೇಗಿದಳು.

"ನೀರೂ ಕುಡೀಬ್ಯಾಡ ಅಂದ್ರಲ್ಲಪ್ಪಾ, ಒಟ್ಟೆ ಚುರುಗುಟ್ತೈತೆ! ಬಿರ್ನೆ ಕುಯ್ಯಕ್ಕೆ ಯೋಳು, ಓಗು!"

ಇನ್ನೊಬ್ಬರ ಹಸಿವು ಕಂಡು ನನ್ನ ಜೀವ ತಂಪಾದದ್ದು ಅದೇ ಮೊದಲು.